ಎಫ್‌ಒನ್ ಖರ್ಚಿಗೆ ಮೂಗುದಾರ ಹಾಕಿದ್ರೆ ರೇಸ್ ಸಮ ಆಗುತ್ತಾ?

2024ರ ಮಾರ್ಚ್, ಮೆಲ್ಬರ್ನ್‌ನ ಫಾರ್ಮುಲಾ ಒನ್ ಕಾರ್ ರೇಸ್. ಪ್ರಾಕ್ಟೀಸ್‌ನಲ್ಲೇ ವಿಲಿಯಮ್ಸ್ ಟೀಮಿನ ಆಲ್ಬನ್ ಗೋಡೆಗೆ ಗುದ್ದಿ ಷಾಸಿ, ಅಂದ್ರೆ ಕಾರಿನ ಚೌಕಟ್ಟೇ, ಹಾಳಾಯ್ತು, ಸ್ಪೇರ್ ಒಂದೂ ಇಲ್ಲ. ಕೊನೆಗೆ ಏನೂ ತಪ್ಪು ಮಾಡದ ಅದೇ ಟೀಮಿನ ಇನ್ನೊಬ್ಬ ಡ್ರೈವರ್ ಸಾರ್ಜೆಂಟ್‌ನ ಕಾರನ್ನ ಕಿತ್ಕೊಂಡು ಆಲ್ಬನ್‌ಗೆ ಕೊಟ್ರು, ಪಾಪ ಅವನು ರೇಸ್ ನೋಡ್ತಾ ನಿಂತ, ಆಲ್ಬನ್ 11ನೇ ಸ್ಥಾನ, ಪಾಯಿಂಟೂ ಬರ್ಲಿಲ್ಲ. ಎಲ್ಲರಿಗೂ ಒಂದೇ ಖರ್ಚಿನ ಮಿತಿ ಬಂದು ಮೂರು ವರ್ಷ ಆದ್ಮೇಲಿನ ಕಥೆ ಇದು.

ಈ ಮಿತಿ ದಿಢೀರ್ ಬಂದಿದ್ದಲ್ಲ. ಟೊಯೋಟಾ 2002ರಿಂದ 2009ರವರೆಗೆ ನೀರಿನ ಥರ ದುಡ್ಡು ಸುರಿದು ಒಂದು ರೇಸೂ ಗೆಲ್ಲದೆ ವಾಪಸ್ ಹೋಯ್ತು, ಹೋಂಡಾ ಅದಕ್ಕೂ ಮೊದ್ಲೇ 2008ರ ಡಿಸೆಂಬರ್‌ನಲ್ಲಿ ಕೈತೊಳ್ಕೊಂಡಿತ್ತು. ಗಾಬರಿಯಾದ, ರೇಸ್ ರೂಲ್ ಮಾಡೋ ಸಂಸ್ಥೆ ಎಫ್‌ಐಎಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ವರ್ಷಕ್ಕೆ 4 ಕೋಟಿ ಪೌಂಡ್ ಮಿತಿ ಹಾಕ್ತೀನಿ ಅಂದ್ರು. ಫೆರಾರಿ ಮತ್ತೆ ಉಳಿದ ದೊಡ್ಡೋರು ನಾವು ಬೇರೆ ಸೀರೀಸೇ ಮಾಡ್ಕೋತೀವಿ ಅಂತ ಎದ್ದು ನಿಂತ್ರು, ಮಿತಿ ಅಲ್ಲೇ ಸತ್ತೋಯ್ತು. ಆದ್ರೆ ಅದನ್ನೇ ನಂಬ್ಕೊಂಡು 2010ಕ್ಕೆ ಮೂರು ಹೊಸ ಟೀಮ್ ಬಂದಿದ್ವಲ್ಲ, ಅವುಗಳ ಗತಿ? ಅವುಗಳಲ್ಲೊಂದಾದ ಎಚ್‌ಆರ್‌ಟಿ ಟೀಮಲ್ಲಿದ್ದ ನಮ್ಮ ಚೆನ್ನೈನ ಕರುಣ್ ಚಂಧೋಕ್ ಬಹ್ರೇನ್‌ನಲ್ಲಿ ಆ ಕಾರನ್ನ ಮೊದಲ ಸಲ ಓಡಿಸಿದ್ದೇ, ರೇಸಲ್ಲಿ ಯಾರು ಎಲ್ಲಿಂದ ಹೊರಡ್ಬೇಕು ಅಂತ ತೀರ್ಮಾನಿಸೋ ಕ್ವಾಲಿಫೈಯಿಂಗ್‌ನಲ್ಲಿ! 2017ರ ಸೀಸನ್ ಶುರುವಾಗೋ ಹೊತ್ತಿಗೆ ಮೂರರಲ್ಲಿ ಒಂದೂ ಉಳಿದಿರ್ಲಿಲ್ಲ. ನಮ್ಮ ಮಲ್ಯ ಅವರ ಫೋರ್ಸ್ ಇಂಡಿಯಾ ಕಮ್ಮಿ ದುಡ್ಡಲ್ಲೇ 2016, 2017 ಎರಡೂ ವರ್ಷ ನಾಲ್ಕನೇ ಸ್ಥಾನ ತಗೊಂಡ್ರೂ 2018ರ ಜುಲೈಗೆ ದಿವಾಳಿ ಅಂಚಿಗೆ ಬಂತು.

ಕೊನೆಗೆ ದೊಡ್ಡೋರನ್ನ ಬಗ್ಗಿಸಿದ್ದು ಕೋವಿಡ್. 17.5 ಕೋಟಿ ಡಾಲರ್ ಅಂತ ಒಪ್ಪಿದ್ದ ಮಿತಿಯನ್ನ 14.5 ಕೋಟಿಗೆ ಇಳಿಸಿ 2021ರಿಂದ ಜಾರಿ ಮಾಡಿದ್ರು. ಡ್ರೈವರ್ ಸಂಬಳ, ಮಾರ್ಕೆಟಿಂಗ್, ಟೀಮಲ್ಲಿ ಅತಿ ಹೆಚ್ಚು ಸಂಬಳ ತಗೊಳ್ಳೋ ಮೂರು ಜನರ ಸಂಬಳ ಲೆಕ್ಕಕ್ಕಿಲ್ಲ. ಮೊದಲ ವರ್ಷವೇ ರೆಡ್ ಬುಲ್ ಗೆರೆ ದಾಟಿ ಸಿಕ್ಕಿಬಿತ್ತು, 70 ಲಕ್ಷ ಡಾಲರ್ ದಂಡ, ಕಾರಿನ ಮೇಲೆ ಗಾಳಿ ಹಾಯಿಸಿ ವಿನ್ಯಾಸ ಪರೀಕ್ಷಿಸೋ ವಿಂಡ್ ಟನಲ್ ಟೈಮಲ್ಲೂ 10 ಪರ್ಸೆಂಟ್ ಕಟ್. ಆದ್ರೂ 2023ರಲ್ಲಿ 22ರಲ್ಲಿ 21 ರೇಸ್ ಅವರೇ ಗೆದ್ರು, ಇದೇನಾ ಸಮಾನತೆ ಅಂತ ಎಲ್ಲರೂ ನಕ್ಕಿದ್ದು ಆಗ್ಲೇ.

ಆದ್ರೆ ಮರುವರ್ಷ ಏಳು ಜನ ಬೇರೆ ಬೇರೆ ಡ್ರೈವರ್‌ಗಳು ರೇಸ್ ಗೆದ್ರು, ಮೆಕ್‌ಲಾರೆನ್ 1998ರ ನಂತರ ಮೊದಲ ಸಲ ಟೀಮ್ ಚಾಂಪಿಯನ್ ಆಯ್ತು. ನನ್ನ ಕೇಳಿದ್ರೆ ಇದ್ರಲ್ಲಿ ಖರ್ಚಿನ ಮಿತಿಗಿಂತ ವಿಂಡ್ ಟನಲ್ ರೂಲ್ ಪಾಲು ಜಾಸ್ತಿ: ನಿಗದಿಯಾದ ಟೈಮಲ್ಲಿ ಫಸ್ಟ್ ಬಂದ ಟೀಮಿಗೆ 70 ಪರ್ಸೆಂಟ್, ಹತ್ತನೆಯೋರಿಗೆ 115. ಮಿತಿಯಿಂದ ಆದ ನಿಜವಾದ ಲಾಭ ಹಿಂದಿನ ಸಾಲಿನ ಸಣ್ಣ ಟೀಮ್‌ಗಳಲ್ಲಿದೆ, 2021ರಿಂದ ಈಚೆಗೆ ಒಂದು ಟೀಮೂ ಬಾಗಿಲು ಹಾಕಿಲ್ಲ.

ಸಮಸ್ಯೆ ಏನಂದ್ರೆ ಮಿತಿ ಈ ವರ್ಷದ ಖರ್ಚನ್ನ ಹಿಡಿಯುತ್ತೆ, ಇಪ್ಪತ್ತು ವರ್ಷದಿಂದ ಕಟ್ಟಿಕೊಂಡ ಫ್ಯಾಕ್ಟರಿನ ಅಲ್ಲ. ವಿಲಿಯಮ್ಸ್‌ಗೆ 2023ರಲ್ಲಿ ಹೊಸದಾಗಿ ಬಂದ ಬಾಸ್ ಜೇಮ್ಸ್ ವೌಲ್ಸ್ ನೋಡಿದ್ರೆ ಸುಮಾರು 20,000 ಪಾರ್ಟ್ಸ್ ಲೆಕ್ಕ ಇನ್ನೂ ಎಕ್ಸೆಲ್ ಶೀಟಲ್ಲಿ! ಸರಿ ಮಾಡೋಣ ಅಂದ್ರೆ ಮಷೀನು, ಸಾಫ್ಟ್‌ವೇರ್ ತಗೊಳ್ಳೋಕೂ ಬೇರೆ ಮಿತಿ ಇದೆ, ಆಮೇಲೆ ಅದನ್ನ ಸಡಿಲ ಮಾಡಿದ್ರು. 2025ರಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ ಡ್ರೈವರ್ ಸೈನ್ಜ್ ಅದೇ ವಿಲಿಯಮ್ಸ್ ಟೀಮಿಗೆ ಮೂರನೇ ಸ್ಥಾನ ತಂದುಕೊಟ್ಟ.