ಪಸ್ಕದ ಊಟ: ಒಂದು ರೊಟ್ಟಿಯ ಉದ್ದ ಕಥೆ

ಈಸ್ಟರ್ ಹತ್ತಿರ ಬಂದರೆ ಅಮೆರಿಕದ ಅನೇಕ ಚರ್ಚುಗಳಲ್ಲಿ ಒಂದು ವಿಶೇಷ ಊಟ ಇರುತ್ತದೆ. ಐಗುಪ್ತದ (ಈಜಿಪ್ಟ್) ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ಯೆಹೂದ್ಯರು ನೆನೆಯುವ ಪಸ್ಕ ಹಬ್ಬದ ಊಟದ ಮಾದರಿ ಅದು. ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು, ಉಪ್ಪುನೀರು, ನಾಲ್ಕು ಲೋಟ ದ್ರಾಕ್ಷಾರಸ. ಯೇಸು ಕೊನೆಯ ರಾತ್ರಿ ಉಂಡಿದ್ದು ಹೀಗೇ ಅಂತ ಭಕ್ತಿಯಿಂದ ಹೇಳುತ್ತಾರೆ. ಇದನ್ನು ಕಂಡು ಅನೇಕ ಯೆಹೂದ್ಯರಿಗೆ ನೋವಾಗುತ್ತದೆ. ಬೈಬಲಿನ ಹಳೇ ಒಡಂಬಡಿಕೆ ಇಬ್ಬರದೂ ಅಲ್ವಾ, ಮತ್ತೆ ನೋವು ಯಾಕೆ?

ಆ ಬಿಡುಗಡೆಯ ಕಥೆ ಇರುವ ಹಳೇ ಒಡಂಬಡಿಕೆಯ ವಿಮೋಚನಕಾಂಡದ 12ನೇ ಅಧ್ಯಾಯ ಹೇಳುವ ಊಟ ಸರಳ: ಸುಟ್ಟ ಕುರಿಮರಿ, ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು. ನಡು ಕಟ್ಟಿಕೊಂಡು, ಕೆರ ಮೆಟ್ಟಿಕೊಂಡು, ಅವಸರದಲ್ಲಿ ಉಣ್ಣಬೇಕು. ಮುಂದೆ ಕುರಿಮರಿಯ ಬಲಿ ಯೆರೂಸಲೇಮಿನ ದೇವಾಲಯಕ್ಕೆ ಸೇರಿತು. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ನಾಶ ಮಾಡಿದರು. ಬಲಿ ನಿಂತಿತು. ಹಬ್ಬ ಉಳಿದದ್ದು ಮನೆಯೊಳಗೆ. ಸುಮಾರು 200ರ ಹೊತ್ತಿಗೆ ಸೇರಿಸಿದ ಮಿಷ್ನಾ ಎಂಬ ಯೆಹೂದ್ಯ ಧರ್ಮನಿಯಮಗಳ ಸಂಗ್ರಹದಲ್ಲಿ ನಾಲ್ಕು ಲೋಟಗಳೂ ಮಗ ಅಪ್ಪನಿಗೆ ಕೇಳುವ ಪ್ರಶ್ನೆಗಳೂ ಕಾಣುತ್ತವೆ. ಪಸ್ಕದ ರಾತ್ರಿ ಮನೆಯಲ್ಲಿ ಮಾಡುವ ಇಂದಿನ ‘ಸೇದರ್’ ಊಟದ ಬಹುಪಾಲು ರೂಪುಗೊಂಡಿದ್ದು ಯೇಸುವಿನ ಕಾಲದ ನಂತರವೇ. ದೇವಾಲಯ ಕಳೆದುಕೊಂಡ ಜನ ಮಕ್ಕಳಿಗೆ ಕಥೆ ದಾಟಿಸಲು ಕಟ್ಟಿಕೊಂಡ ಊಟ ಅದು.

ಮೊದಲ ಕ್ರೈಸ್ತರಲ್ಲಿ ಕೆಲವರು ಯೆಹೂದ್ಯರ ಪಸ್ಕದ ದಿನವೇ ತಮ್ಮ ಹಬ್ಬವನ್ನೂ ಮಾಡುತ್ತಿದ್ದರು. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆ ಈಸ್ಟರ್ ದಿನವನ್ನು ಪಸ್ಕದಿಂದ ಬೇರೆ ಮಾಡಿತು. ನಂತರದ ಶತಮಾನಗಳಲ್ಲಿ ಯೆಹೂದ್ಯರು ಪಸ್ಕದ ರೊಟ್ಟಿಗೆ ಕ್ರೈಸ್ತ ಮಕ್ಕಳ ರಕ್ತ ಬಳಸುತ್ತಾರೆ ಎಂಬ ಸುಳ್ಳು ಯುರೋಪಿನಲ್ಲಿ ಹಬ್ಬಿತು. ಪಸ್ಕ ಬಂತೆಂದರೆ ಯೆಹೂದ್ಯರ ಕೇರಿಗಳಲ್ಲಿ ಭಯ. 1965ರಲ್ಲಿ ಕ್ಯಾಥೊಲಿಕ್ ಚರ್ಚಿನ ವ್ಯಾಟಿಕನ್ ಸಭೆ ಯೆಹೂದ್ಯರ ಬಗ್ಗೆ ಗೌರವದ ಹೊಸ ಮಾತಾಡಿದ ಮೇಲೆ ಬಾಗಿಲು ಸ್ವಲ್ಪ ತೆರೆಯಿತು.

ಇವತ್ತಿನ ಗೋಜಲು ಹೆಚ್ಚಾಗಿ 1970ರ ದಶಕದ್ದು. ಯೇಸುವನ್ನು ನಂಬಿದ ಕೆಲವು ಯೆಹೂದ್ಯರು ಚರ್ಚುಗಳಿಗೆ ಹೋಗಿ ಸೇದರ್ ಮೇಜನ್ನು ವಿವರಿಸತೊಡಗಿದರು. ಮೇಜಿನ ಮೇಲೆ ಮೂರು ರೊಟ್ಟಿ. ನಡುವಿನದನ್ನು ಮುರಿದು, ಅರ್ಧವನ್ನು ಬಟ್ಟೆಯಲ್ಲಿ ಸುತ್ತಿ ಬಚ್ಚಿಡುತ್ತಾರೆ, ಊಟದ ಕೊನೆಗೆ ಹುಡುಕಿ ತರುತ್ತಾರೆ. ಸಾವು, ಸಮಾಧಿ, ಪುನರುತ್ಥಾನ ಇಲ್ಲೇ ಇದೆ ಅಂತ ವಿವರಣೆ. ರೊಟ್ಟಿಯ ತೂತುಗಳು ಯೇಸುವಿನ ಗಾಯಗಳಾದವು. ಕೇಳುವವರಿಗೆ ಮೈ ಜುಮ್ಮೆನ್ನುತ್ತದೆ, ಅದು ನಿಜ. ಆದರೆ ತೂತು ಹಾಕುವುದು ರೊಟ್ಟಿ ಉಬ್ಬದಿರಲಿ ಅಂತ. ನೀರು ಬಿದ್ದ ಹಿಟ್ಟು 18 ನಿಮಿಷದೊಳಗೆ ಒಲೆ ಸೇರಲೇಬೇಕು. ಇಲ್ಲದಿದ್ದರೆ ಹುಳಿ ಬಂತು ಅಂತಲೇ ಲೆಕ್ಕ.

1988ರಲ್ಲಿ ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ಸಮಿತಿಯೊಂದು ಈ ಬಗ್ಗೆ ಎಚ್ಚರಿಸಿತು. ಸೇದರ್ ಮಾಡುವುದಾದರೆ ಅದು ಯಾರದೋ ಅವರ ಮೇಲಿನ ಗೌರವದಿಂದ ಮಾಡಿ, ಅದಕ್ಕೆ ಸುಮ್ನೆ ದೀಕ್ಷಾಸ್ನಾನ ಮಾಡಿಸಿ ಕ್ರೈಸ್ತರದ್ದಾಗಿಸಬೇಡಿ ಎಂಬುದು ಅದರ ಸಾರ. ಕೆಲವು ಚರ್ಚುಗಳು ಕೇಳಿದವು, ಕೆಲವು ಕೇಳಲಿಲ್ಲ.

ಹೊಸ ಅರ್ಥ ಹಚ್ಚುವ ಅವಸರದಲ್ಲಿ ಮೇಜಿನ ಮೇಲೆ ಮೊದಲೇ ಇರುವ ಅರ್ಥ ಕಣ್ತಪ್ಪುತ್ತದೆ. ಬಿಡುಗಡೆಗಾಗಿ ದೇವರು ಐಗುಪ್ತದ ಮೇಲೆ ತಂದ ಹತ್ತು ಬಾಧೆಗಳ ಹೆಸರು ಹೇಳುವಾಗ ಯೆಹೂದ್ಯರು ಒಂದೊಂದಕ್ಕೂ ಬೆರಳಿನಿಂದ ಒಂದು ಹನಿ ದ್ರಾಕ್ಷಾರಸ ತೆಗೆದು ತಟ್ಟೆಗೆ ಇಡುತ್ತಾರೆ. ನಮ್ಮ ಬಿಡುಗಡೆಗೆ ಬೇರೆಯವರು ಸತ್ತರು, ಹಾಗಾಗಿ ಲೋಟ ತುಂಬಿರಬಾರದು ಅಂತ ಅನೇಕರು ಕಾರಣ ಹೇಳುತ್ತಾರೆ. ಒಬ್ಬ ಕ್ರೈಸ್ತ ವಿಶ್ವಾಸಿ ಯೆಹೂದ್ಯರ ಮನೆಗೆ ಅತಿಥಿಯಾಗಿ ಹೋಗಿ ಆ ಹತ್ತು ಹನಿ ನೋಡಿದರೆ ಸಾಕು, ವರ್ಷವಿಡೀ ಧ್ಯಾನಿಸಬಹುದು.

ಇನ್ನೊಂದು ದಾರಿ ನಮ್ಮ ಪಕ್ಕದಲ್ಲೇ ಇದೆ. ಕೇರಳದ ಸಿರಿಯನ್ ಕ್ರೈಸ್ತರು ಯೇಸುವಿನ ಕೊನೆಯ ಊಟ ನೆನೆಯುವ ಪವಿತ್ರ ಗುರುವಾರ ಮನೆಯಲ್ಲೇ ‘ಪೆಸಹಾ ಅಪ್ಪಂ’ ಮಾಡುತ್ತಾರೆ. ಅಲ್ಲಿಂದ ಬಂದು ಬೆಳ್ತಂಗಡಿ ಕಡೆ ನೆಲೆಸಿದ ಕುಟುಂಬಗಳದ್ದೂ ಇದೇ ಪರಂಪರೆ. ಹೆಸರು ಪಸ್ಕದ್ದೇ, ಆದರೆ ಹಿಟ್ಟು ಅಕ್ಕಿ ಮತ್ತು ಉದ್ದಿನದು, ಜೊತೆಗೆ ಬೆಲ್ಲ ಹಾಕಿದ ತೆಂಗಿನ ಹಾಲು. ಹುಳಿ ಬರಿಸುವುದಿಲ್ಲ. ಮನೆಯ ಹಿರಿಯ ಪ್ರಾರ್ಥಿಸಿ, ಮುರಿದು ಹಂಚುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪಂ ಮಾಡುವುದಿಲ್ಲ. ಆ ಮನೆಗೆ ನೆರೆಯವರು ತಂದುಕೊಡುತ್ತಾರೆ.