ಏಕಪದರ ಅಧಿಶೋಷಣೆ: (1 − ಥ) ಒಳಗೆ ಅಡಗಿರುವುದೇನು?

ಅನಿಲದ ಅಣುಗಳು ಘನವಸ್ತುವಿನ ಮೇಲ್ಮೈಗೆ ಅಂಟಿಕೊಳ್ಳುವುದೇ ಅಧಿಶೋಷಣೆ. ಒಂದೇ ಪದರವಾಗಿ ಅಂಟಿದಾಗ ಮೇಲ್ಮೈ ಎಷ್ಟು ತುಂಬುತ್ತದೆ ಎಂದು ಹೇಳುವ ಲ್ಯಾಂಗ್ಮ್ಯೂರ್ ಸಮೀಕರಣವನ್ನು ಬಾಯಿಪಾಠ ಮಾಡುವುದು ಎರಡು ನಿಮಿಷದ ಕೆಲಸ. ತೊಡಕು ಶುರುವಾಗುವುದು ಆಮೇಲೆ. ಅಣು ಒಡೆದು ಅಂಟಿಕೊಂಡರೆ ಒಂದು ಸೂತ್ರ, ಎರಡು ಅನಿಲಗಳು ಪೈಪೋಟಿಗೆ ಬಿದ್ದರೆ ಇನ್ನೊಂದು, ಪದರದ ಮೇಲೆ ಪದರ ಕೂತರೆ ಮತ್ತೊಂದು. ಬಿಡಿಬಿಡಿಯಾಗಿ ಓದಿದರೆ ಪರೀಕ್ಷೆಯ ಮರುದಿನ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಇವೆಲ್ಲವೂ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು: ಹೊಸದಾಗಿ ಬಂದ ಅಣುವಿಗೆ ಮೇಲ್ಮೈಯಲ್ಲಿ ಜಾಗ ಸಿಗುವ ಸಾಧ್ಯತೆ ಎಷ್ಟು?

ಮೊದಲು ಗುರುತುಗಳು. ಮೇಲ್ಮೈಯಲ್ಲಿ ಅಣು ಕೂರಬಲ್ಲ ಒಂದೊಂದು ಜಾಗವೂ ಒಂದು ತಾಣ. ಒಟ್ಟು ತಾಣಗಳಲ್ಲಿ ತುಂಬಿರುವ ಭಾಗ ಥ (ಪುಸ್ತಕದಲ್ಲಿ ಥೀಟಾ), ಅನಿಲದ ಒತ್ತಡ ಪ, ಸಮತೋಲನ ಸ್ಥಿರಾಂಕ (ಅಂಟುವ ಒಲವು ಎಷ್ಟೆಂದು ಹೇಳುವ ಸಂಖ್ಯೆ) ಕ. ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಬಲ್ಬಿನ ಟಂಗ್‌ಸ್ಟನ್ ತಂತಿ ಮತ್ತು ಅನಿಲಗಳ ನಡುವಿನ ವ್ಯವಹಾರವನ್ನು ಅಭ್ಯಾಸ ಮಾಡುತ್ತಿದ್ದ ಇರ್ವಿಂಗ್ ಲ್ಯಾಂಗ್ಮ್ಯೂರ್, 1916ರಿಂದ 1918ರ ನಡುವೆ ಈ ಮಾದರಿಯನ್ನು ಕಟ್ಟಿದರು. ಮೇಲ್ಮೈ ರಸಾಯನಶಾಸ್ತ್ರದ ಕೆಲಸಕ್ಕೆ 1932ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಲೆಕ್ಕ ಸರಳ. ಅಣುಗಳು ಅಂಟುವ ದರ ಒತ್ತಡಕ್ಕೂ ಖಾಲಿ ಜಾಗಕ್ಕೂ, ಅಂದರೆ ಪ × (1 − ಥ) ಗುಣಲಬ್ಧಕ್ಕೆ, ಅನುಪಾತದಲ್ಲಿರುತ್ತದೆ. ಬಿಟ್ಟುಹೋಗುವ ದರ ಥ ಜೊತೆಗೆ ಏರುತ್ತದೆ. ಸಮತೋಲನದಲ್ಲಿ ಎರಡೂ ಸಮ. ಆದ್ದರಿಂದ

ಥ ÷ (1 − ಥ) = ಕ × ಪ

ಪುಸ್ತಕಗಳು ಇದನ್ನೇ ತಿರುಗಿಸಿ ಥ = ಕಪ ÷ (1 + ಕಪ) ಎಂದು ಬರೆಯುತ್ತವೆ. ನನಗೆ ಮೊದಲಿನ ರೂಪವೇ ಇಷ್ಟ. ತುಂಬಿದ್ದಕ್ಕೂ ಖಾಲಿಗೂ ಇರುವ ಅನುಪಾತ ಅದರಲ್ಲಿ ನೇರವಾಗಿ ಕಾಣುತ್ತದೆ. ಕಪ 1 ಆದಾಗ ಅರ್ಧ ಮೇಲ್ಮೈ ತುಂಬುತ್ತದೆ. ಶೇಕಡಾ 90 ತುಂಬಲು ಕಪ 9 ಆಗಬೇಕು, ಶೇಕಡಾ 99ಕ್ಕೆ 99 ಆಗಬೇಕು. ಪಠ್ಯಪುಸ್ತಕದ ಗ್ರಾಫಿನಲ್ಲಿ ರೇಖೆ ಬೇಗನೆ ಮಟ್ಟಸವಾದಂತೆ ಕಂಡರೂ ಕೊನೆಯ ಕೆಲವು ತಾಣಗಳು ಬಹಳ ದುಬಾರಿ. ಉಷ್ಣತೆಯ ಪರಿಣಾಮವೂ ಸಣ್ಣದಲ್ಲ. ಅಧಿಶೋಷಣೆಯಲ್ಲಿ ಮೋಲ್‌ಗೆ 40 ಕಿಲೋಜೌಲ್ ಶಾಖ ಹೊರಬರುವುದಾದರೆ, 300 ಕೆಲ್ವಿನ್‌ನಿಂದ 330ಕ್ಕೆ ಏರಿಸಿದಾಗ ಕ ಸುಮಾರು 4.3 ಪಟ್ಟು ಕುಗ್ಗುತ್ತದೆ. ಆಗ ಶೇಕಡಾ 90 ತುಂಬಿದ್ದ ಮೇಲ್ಮೈ ಅದೇ ಒತ್ತಡದಲ್ಲಿ ಶೇಕಡಾ 68ಕ್ಕೆ ಇಳಿಯುತ್ತದೆ.

ಈಗ (1 − ಥ) ಕಡೆಗೆ ಬರೋಣ. ಎಲ್ಲ ತಾಣಗಳೂ ಒಂದೇ ತೆರ, ಒಂದು ತಾಣಕ್ಕೆ ಒಂದೇ ಅಣು, ನೆರೆಯಲ್ಲಿ ಯಾರಿದ್ದರೂ ಲೆಕ್ಕಕ್ಕಿಲ್ಲ. ಇಷ್ಟನ್ನೂ ಒಪ್ಪಿಕೊಂಡ ಮೇಲೆ ಮಾತ್ರ ಆ ಪುಟ್ಟ ಪದ ಬರೆಯಲು ಅನುಮತಿ.

ಪ್ಲಾಟಿನಂ ಮೇಲೆ ಆಮ್ಲಜನಕದ ಅಣು ಎರಡು ಪರಮಾಣುಗಳಾಗಿ ಒಡೆದು ಕೂರುತ್ತದೆ. ಅದಕ್ಕೆ ಅಕ್ಕಪಕ್ಕದ ಎರಡು ಖಾಲಿ ತಾಣಗಳು ಬೇಕು, ಹಾಗಾಗಿ (1 − ಥ) ವರ್ಗವಾಗುತ್ತದೆ. ಹಿಂದಿರುಗುವಾಗಲೂ ಎರಡು ಪರಮಾಣುಗಳು ಸೇರಬೇಕಾದ್ದರಿಂದ ಥ ಕೂಡ ವರ್ಗವಾಗುತ್ತದೆ. ಕೊನೆಗೆ ಬಲಬದಿಯಲ್ಲಿ ಕಪ ಬದಲು ಅದರ ವರ್ಗಮೂಲ ಉಳಿಯುತ್ತದೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಇದ್ದರೆ ಖಾಲಿ ಜಾಗದಿಂದ ಅದರ ಪಾಲನ್ನೂ ಕಳೆಯಬೇಕು. ಅದಕ್ಕೆ ಒಂದೇ ತಾಣ ಸಾಕು, ಹಿಡಿತವೂ ಬಿಗಿ. ಅದು ಮೇಲ್ಮೈಯನ್ನೆಲ್ಲ ಆಕ್ರಮಿಸಿಕೊಂಡರೆ ಆಮ್ಲಜನಕಕ್ಕೆ ಜೋಡಿ ತಾಣ ಸಿಗದೆ, ಎರಡೂ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುವ ಕ್ರಿಯೆಯೇ ನಿಂತುಹೋಗುತ್ತದೆ. ಕಾರಿನ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತಣ್ಣಗಿರುವಾಗ ಕೆಲಸ ಮಾಡದಿರಲು ಇದೂ ಒಂದು ಮುಖ್ಯ ಕಾರಣ. ಬಿಸಿಯೇರಿದಂತೆ ಕಾರ್ಬನ್ ಮಾನಾಕ್ಸೈಡ್ ಜಾಗ ಬಿಡುತ್ತದೆ, ಕ್ರಿಯೆ ಒಮ್ಮೆಲೇ ಚುರುಕಾಗುತ್ತದೆ.

ಇಲ್ಲಿಯವರೆಗೆ ಅಣುಗಳು ಬಂದು ಹೋಗುತ್ತಿದ್ದವು. ಕೂತ ಅಣು ಏಳುವುದೂ ಇಲ್ಲ, ಸರಿಯುವುದೂ ಇಲ್ಲ ಎಂದಾದರೆ? ನೋಟ್‌ಬುಕ್ಕಿನಲ್ಲಿ ಒಂದು ಸಾಲಿಗೆ ಹತ್ತು ಚೌಕ ಬರೆದು ಪರೀಕ್ಷಿಸಿ. ಪ್ರತಿ ಅಣುವಿಗೆ ಅಕ್ಕಪಕ್ಕದ ಎರಡು ಚೌಕ ಬೇಕು. ಮೊದಲನೆಯದು 2 ಮತ್ತು 3ರಲ್ಲಿ, ಮುಂದಿನದು 8 ಮತ್ತು 9ರಲ್ಲಿ, ಮೂರನೆಯದು 5 ಮತ್ತು 6ರಲ್ಲಿ ಬಿತ್ತೆನ್ನಿ. ಉಳಿದದ್ದು 1, 4, 7, 10. ನಾಲ್ಕು ಚೌಕಗಳು ಖಾಲಿ, ಆದರೆ ಜೋಡಿ ಒಂದೂ ಇಲ್ಲ. (1 − ಥ) ಪ್ರಕಾರ ಶೇಕಡಾ 40 ಜಾಗವಿದೆ; ವಾಸ್ತವದಲ್ಲಿ ಮೇಲ್ಮೈ ಮುಗಿದಿದೆ. ಗೆರೆ ಎಳೆಯದ ರಸ್ತೆಬದಿಯಲ್ಲಿ ಕಾರುಗಳನ್ನು ಮನಬಂದಲ್ಲಿ ನಿಲ್ಲಿಸಿದಾಗ ನಡುವೆ ಅರ್ಧರ್ಧ ಕಾರಿನ ಜಾಗ ಉಳಿಯುವುದೂ ಹೀಗೆಯೇ. ಗಣಿತಜ್ಞ ರೇನಿ 1958ರಲ್ಲಿ ಈ ಕಾರಿನ ಲೆಕ್ಕವನ್ನೇ ಬಿಡಿಸಿ, ರಸ್ತೆ ಸರಾಸರಿ ಶೇಕಡಾ 74.76 ಮಾತ್ರ ತುಂಬುತ್ತದೆ ಎಂದು ತೋರಿಸಿದರು. ನಮ್ಮ ಜೋಡಿ ಚೌಕದ ಆಟವನ್ನು ಬಹು ಉದ್ದದ ಸಾಲಿನಲ್ಲಿ ಆಡಿದರೆ ಶೇಕಡಾ 86.47ರಲ್ಲಿ ಎಲ್ಲವೂ ಸ್ತಬ್ಧವಾಗುತ್ತದೆ. ಸಮತಲದ ಮೇಲೆ ದುಂಡನೆಯ ಬಿಲ್ಲೆಗಳಾದರೆ ಶೇಕಡಾ 55ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಪ್ರೋಟೀನ್‌ನಂಥ ದೊಡ್ಡ ಅಣುಗಳು ಗಟ್ಟಿಯಾಗಿ ಅಂಟುವ ಕಡೆ ಮೊದಲು ನೆನೆಯಬೇಕಾದ ಮಾದರಿ ಇದು.

ಪದರ ಪೂರ್ತಿಯಾಯಿತು ಎನ್ನುವಾಗಲೂ ಯಾವುದನ್ನು ತಾಣವೆಂದು ಎಣಿಸುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ಚಿನ್ನದ ಹರಳಿನ (111) ಎಂದು ಗುರುತಿಸುವ ಮುಖದ ಮೇಲೆ ಥಯಾಲ್ ಅಣುಗಳು (ಗಂಧಕದ ತುದಿಯಿಂದ ಅಂಟುವ ಸಾವಯವ ಅಣುಗಳು) ತಾವಾಗಿಯೇ ಏಕಪದರ ಕಟ್ಟುತ್ತವೆ. ಚಿನ್ನದ ಪರಮಾಣುಗಳ ಅಂತರ 0.288 ನ್ಯಾನೋಮೀಟರ್, ಗಂಧಕದ ಪರಮಾಣುಗಳ ಅಂತರ ಅದರ ಮೂರರ ವರ್ಗಮೂಲದಷ್ಟು, ಅಂದರೆ ಸುಮಾರು 0.5. ಹೀಗೆ ಚಿನ್ನದ ಮೂರು ಪರಮಾಣುಗಳಿಗೆ ಒಂದು ಥಯಾಲ್. ಪರಮಾಣು ಲೆಕ್ಕದಲ್ಲಿ ಥ ಮೂರನೇ ಒಂದು, ಪದರದ ಲೆಕ್ಕದಲ್ಲಿ ಅದೇ 1. ಎರಡು ಲೇಖನಗಳ ಅಂಕಿಗಳನ್ನು ಹೋಲಿಸುವ ಮುನ್ನ ಇದನ್ನು ನೋಡದಿದ್ದರೆ ಮೂರು ಪಟ್ಟು ವ್ಯತ್ಯಾಸ ಎಲ್ಲಿಂದ ಬಂತೆಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಪದರದ ಮೇಲೆ ಪದರ ಕೂರುವುದನ್ನು ಲೆಕ್ಕಹಾಕುವ ಬಿಇಟಿ ಮಾದರಿಯನ್ನು (1938, ಬ್ರುನಾವರ್, ಎಮ್ಮೆಟ್, ಟೆಲ್ಲರ್) ಇಲ್ಲಿ ವಿಸ್ತರಿಸುವುದಿಲ್ಲ. ತುಂಬಿದ ತಾಣವೂ ಮುಂದಿನ ಅಣುವಿಗೆ ತಾಣವೇ ಎಂಬುದು ಅದರ ತಿರುಳು. ಒಂದು ಉಪಯುಕ್ತ ಲೆಕ್ಕ ಮಾತ್ರ: 77 ಕೆಲ್ವಿನ್‌ನಲ್ಲಿ ಸಾರಜನಕದ ಒಂದು ಅಣು 0.162 ಚದರ ನ್ಯಾನೋಮೀಟರ್ ಆವರಿಸುತ್ತದೆ ಎಂದು ಹಿಡಿದರೆ, ಏಕಪದರದ ಪ್ರತಿ ಘನ ಸೆಂಟಿಮೀಟರ್ ಅನಿಲಕ್ಕೆ (ಪ್ರಮಾಣಿತ ಸ್ಥಿತಿಯಲ್ಲಿ ಅಳೆದದ್ದು) 4.35 ಚದರ ಮೀಟರ್ ಮೇಲ್ಮೈ.

ಇನ್ನು ದತ್ತಾಂಶಕ್ಕೆ ರೇಖೆ ಹೊಂದಿಸುವ ವಿಚಾರ. ಹೀರಿದ ಅನಿಲದ ಗಾತ್ರ ಗ ಆದರೆ, ಪ ÷ ಗ ಅನ್ನು ಪ ಎದುರು ಗುರುತಿಸಿ ನೇರ ರೇಖೆ ಎಳೆಯುವುದು ವಾಡಿಕೆ. ನನಗೆ ಈ ಗ್ರಾಫ್ ಮೇಲೆ ನಂಬಿಕೆ ಕಡಿಮೆ. ಎರಡೂ ಅಕ್ಷಗಳಲ್ಲಿ ಪ ಇರುವುದರಿಂದ ಲ್ಯಾಂಗ್ಮ್ಯೂರ್‌ಗೆ ಹೊಂದದ ಅಂಕಿಗಳೂ ಹೆಚ್ಚುಕಡಿಮೆ ನೇರವಾಗಿಯೇ ಕಾಣುತ್ತವೆ. ಬದಲಿಗೆ ಗ ÷ ಪ ಅನ್ನು ಗ ಎದುರು ಇಡಿ. ಮಾದರಿ ಸರಿಯಿದ್ದರೆ ಇಳಿಜಾರಿನ ನೇರ ರೇಖೆ ಬರುತ್ತದೆ. ಮೊದಲು ಕಡಿದಾಗಿ ಇಳಿದು ಆಮೇಲೆ ಬಾಗಿ ಸಾವಕಾಶವಾದರೆ ತಾಣಗಳೆಲ್ಲ ಒಂದೇ ತೆರನಾಗಿಲ್ಲ, ಇಲ್ಲವೇ ನೆರೆಯ ಅಣುಗಳು ಒಂದನ್ನೊಂದು ದೂಡುತ್ತಿವೆ. ಆರಂಭದಲ್ಲಿ ಏರಿ ಆಮೇಲೆ ಇಳಿದರೆ ಅಣುಗಳ ನಡುವೆ ಸೆಳೆತವಿದೆ. ಆಗ ಕ ಕೂಡ ಥ ಜೊತೆ ಬದಲಾಗುವ ಫ್ರಮ್ಕಿನ್ ಮಾದರಿಯನ್ನು ಪ್ರಯತ್ನಿಸಿ.