ಕೈ ಶುಚಿ ಮತ್ತು ಶಾಲಾ ಗೈರುಹಾಜರಿ: ‘ನೂರು ಮಗು-ದಿನ’ದ ಲೆಕ್ಕ

2009ರ ಚಳಿಗಾಲದಲ್ಲಿ ನ್ಯೂಜಿಲೆಂಡಿನ 68 ಪ್ರಾಥಮಿಕ ಶಾಲೆಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ಎಲ್ಲ ಶಾಲೆಗಳ ಮಕ್ಕಳಿಗೂ ಕೈ ಶುಚಿಯ ಬಗ್ಗೆ ಅರ್ಧ ಗಂಟೆಯ ಪಾಠ ಮಾಡಿ, ಅರ್ಧದಷ್ಟು ಶಾಲೆಗಳ ತರಗತಿಗಳಲ್ಲಿ ಮಾತ್ರ ಸ್ಯಾನಿಟೈಸರ್ ಇಡಲಾಯಿತು. ಕಾಯಿಲೆಯಿಂದಾದ ಗೈರುಹಾಜರಿಯ ಪ್ರಸಂಗಗಳು ನೂರು ಮಗು-ದಿನಗಳಿಗೆ ಸ್ಯಾನಿಟೈಸರ್ ಇದ್ದಲ್ಲಿ 1.21, ಇಲ್ಲದಲ್ಲಿ 1.16. ಹಾಗಾದರೆ ಸ್ಯಾನಿಟೈಸರ್‌ನಿಂದ ಕಾಯಿಲೆ ಹೆಚ್ಚಾಯಿತೇ? ನಾನು ಬಹಳ ಹೊತ್ತು ಹಾಗೆಯೇ ತಿಳಿದಿದ್ದೆ.

ಮೊದಲು ‘ಮಗು-ದಿನ’ವನ್ನು ಬಿಡಿಸಿಕೊಳ್ಳಬೇಕು. ಒಂದು ಮಗುವಿನ ಒಂದು ಶಾಲಾ ದಿನವೇ ಒಂದು ಮಗು-ದಿನ. 25 ಮಕ್ಕಳ ತರಗತಿ 4 ದಿನ ನಡೆದರೆ ನೂರಾಯಿತು. ಜ್ವರ ಬಂದ ಮಗು ಸತತವಾಗಿ ಮೂರು ದಿನ ಬಾರದಿದ್ದರೂ ಪ್ರಸಂಗ ಒಂದೇ, ಏಕೆಂದರೆ ಇಲ್ಲಿ ಎಣಿಸುವುದು ತಪ್ಪಿದ ದಿನಗಳನ್ನಲ್ಲ. ಈಗ 30 ಮಕ್ಕಳ ತರಗತಿಯನ್ನು 20 ದಿನ ಗಮನಿಸಿದೆವೆನ್ನೋಣ. ಒಟ್ಟು 600 ಮಗು-ದಿನಗಳು. 1.21ನ್ನು 6ರಿಂದ ಗುಣಿಸಿದರೆ 7.26, 1.16ನ್ನು ಗುಣಿಸಿದರೆ 6.96. ಎರಡು ಬಗೆಯ ಶಾಲೆಗಳಲ್ಲೂ ತರಗತಿಗೆ ಸುಮಾರು ಏಳು ಪ್ರಸಂಗಗಳೇ! ಎರಡು ದರಗಳ ಅನುಪಾತಕ್ಕೆ ಅಧ್ಯಯನ ಕೊಟ್ಟ 95% ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿಯ ಅಂದಾಜು, 0.94ರಿಂದ 1.18. ‘ವ್ಯತ್ಯಾಸವಿಲ್ಲ’ ಎಂಬುದನ್ನು ಸೂಚಿಸುವ 1 ಅದರೊಳಗೇ ಇರುವುದರಿಂದ ಹೆಚ್ಚಾಯಿತೆಂದಾಗಲಿ ಕಡಿಮೆಯಾಯಿತೆಂದಾಗಲಿ ಹೇಳಲಾಗದು. ಇಂಥ ದರಗಳನ್ನು ಕಂಡಾಗಲೆಲ್ಲ ನಾನೀಗ ಮೊದಲು ಒಂದು ತರಗತಿಯ ಲೆಕ್ಕಕ್ಕೆ ಇಳಿಸಿಕೊಳ್ಳುತ್ತೇನೆ.

2008ರಲ್ಲಿ ಕೈರೋದ 60 ಶಾಲೆಗಳಲ್ಲಿ ನಡೆದ ಪ್ರಯೋಗದ ಫಲ ಬೇರೆ. ಅಲ್ಲಿ ಅರ್ಧದಷ್ಟು ಶಾಲೆಗಳ ಮಕ್ಕಳಿಗೆ ದಿನಕ್ಕೆ ಎರಡು ಬಾರಿ ಕೈ ತೊಳೆಯುವ ನಿಯಮವಿತ್ತು; ಫ್ಲೂ ಬಗೆಯ ಕಾಯಿಲೆಯ ಗೈರುಹಾಜರಿ 40%, ಭೇದಿಯದು 30%, ಕೆಂಗಣ್ಣಿನದು 67% ತಗ್ಗಿತು. 40% ಎಂದರೆ ನೂರು ಮಕ್ಕಳಲ್ಲಿ ನಲವತ್ತು ಮಂದಿ ಪಾರಾದರೆಂದಲ್ಲ, ಹತ್ತು ಆಗುತ್ತಿದ್ದಲ್ಲಿ ಆರು ಆಯಿತೆಂದು. ಒಟ್ಟು ಗೈರುಹಾಜರಿ ಇಳಿದದ್ದು 21% ಮಾತ್ರ.

ಎರಡು ಪ್ರಯೋಗಗಳ ಪ್ರಶ್ನೆಯೇ ಒಂದಲ್ಲ ಎಂಬುದನ್ನು ಮರೆಯಬಾರದು. ಕೈರೋದಲ್ಲಿ ಹೋಲಿಕೆಯ ಶಾಲೆಗಳು ಎಂದಿನಂತೆ ನಡೆದವು. ನ್ಯೂಜಿಲೆಂಡಿನಲ್ಲಿ ಹೋಲಿಕೆಯ ಮಕ್ಕಳೂ ಪಾಠ ಕೇಳಿದ್ದರು. ಅದು ಎಚ್1ಎನ್1 ಹರಡಿದ್ದ ವರ್ಷವಾದ್ದರಿಂದ ಕೈ ತೊಳೆಯಿರಿ ಎಂಬ ಮಾತು ಊರೆಲ್ಲ ಕೇಳಿಬರುತ್ತಿತ್ತು. ಅಲ್ಲಿ ಪರೀಕ್ಷೆಗೊಳಗಾದದ್ದು ಸ್ಯಾನಿಟೈಸರ್‌ನ ಹೆಚ್ಚುವರಿ ಪ್ರಯೋಜನವೇ ಹೊರತು ಸೋಪು-ನೀರಿನದಲ್ಲ. ವಾಂತಿ-ಭೇದಿ ತರುವ ನೊರೊವೈರಸ್ಸಿನ ಮೇಲೆ ಆಲ್ಕೋಹಾಲ್ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡದು, ಸೋಪು ಹಚ್ಚಿ ಉಜ್ಜಿ ತೊಳೆದರೆ ಅದು ನೀರಿನೊಂದಿಗೆ ಹರಿದುಹೋಗುತ್ತದೆ.